ಹನುಮಪ್ಪ ಮಾಸ್ತರರ ನಿವೃತ್ತಿ ಪ್ರಕರಣ

ಜೇನುಮೇಣ, ಹಳೆಯ ಚರ್ಮ, ಕರ್ಪೂರದ ಗುಳಿಗೆ, ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಬೇಸಿಗೆಯುದ್ದಕ್ಕೂ ಮುಚ್ಚಿಟ್ಟು ಒಮ್ಮೆಲೇ ತೆರೆದರೆ ಒಂದು ವಾಸನೆ ಬರುತ್ತದೆ. ಹನುಮಪ್ಪ ಮಾಸ್ತರರ ಮೂಗಿಗೆ ಅದು ಮೊದಲು ಬಡಿದದ್ದು ಒಂಬತ್ತನೆಯ ವಯಸ್ಸಿನಲ್ಲಿ, ಮುರಗೋಡದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯ ತಗಡಿನ ಶೆಡ್ಡಿನ ಹಿಂದೆ. ಅಪ್ಪ ಮದುವೆಯ ಬ್ಯಾಂಡಿನಲ್ಲಿ ಡೋಲು ಹೊಡೆಯುವವನು. ಮಗನಿಗೆ ಡೋಲಿನ ವಾಸನೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಪೆಟ್ಟಿಗೆಯೊಳಗೆ ತಲೆ ತೂರಿಸಿ ಕುಳಿತಿದ್ದವನನ್ನು ಕಂಪನಿಯ ಬಸಯ್ಯ ಮಾಸ್ತರರು ಕಿವಿ ಹಿಡಿದು ಎಬ್ಬಿಸಿದರು. ಹೊಡೆಯಲಿಲ್ಲ. "ಮೂಸೂದಲ್ಲೋ ಅದು, ನುಡಸೂದು" ಎಂದು ಅಕಾರ್ಡಿಯನ್ನಿನ ಹೆಗಲಪಟ್ಟಿಗಳನ್ನು ಅವನಿಗೇರಿಸಿ, ಭಾರ ಎಳೆಯ ಬೆನ್ನಿಗೆ ಬೀಳದಂತೆ ತಾವೇ ಕೆಳಗಿನಿಂದ ಎತ್ತಿ ಹಿಡಿದು ನಿಂತರು. ಹುಡುಗನಿಗೆ ಬೇಸರ ಬರುವತನಕ ಆಡಿಕೊಳ್ಳಲಿ ಎಂದು ಅವರ ಎಣಿಕೆ. ಹುಡುಗನಿಗೆ ಬೇಸರ ಬರಲೇ ಇಲ್ಲ. ಬಸಯ್ಯನವರಿಗೆ ರಟ್ಟೆ ಹಿಡಿದುಕೊಂಡಿತು.

ಅದಾಗಿ ಐವತ್ನಾಲ್ಕು ವರ್ಷ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳಲ್ಲಿ ಅಕಾರ್ಡಿಯನ್ ಎಂದರೆ ಹನುಮಪ್ಪ ಮಾಸ್ತರರು, ಹನುಮಪ್ಪ ಮಾಸ್ತರರೆಂದರೆ ಸಿಟ್ಟು. ಬಲಗೈ ಬೆರಳು ಕರಿಬಿಳಿ ಸ್ವರಪಟ್ಟಿಗಳ ಮೇಲೆ ಓಡುವಾಗ ಎಡಗೈ ಗುಂಡಿಗಳ ಮೇಲೆ ಅದಕ್ಕೆ ಎದುರುತ್ತರ ಕೊಡುತ್ತಿತ್ತು. ನಡುವೆ ತಿದಿ ಕಮ್ಮಾರನ ಕುಲುಮೆಯದರಂತೆ ಉಸಿರಾಡುತ್ತಿತ್ತು. ಕೇಳಿದವರು ಹತ್ತು ಬೆರಳಿಗೆ ಇಷ್ಟು ಕೆಲಸ ಸಾಧ್ಯವಿಲ್ಲ, ಎಲ್ಲೋ ಇನ್ನೆರಡು ಬೆರಳು ಮುಚ್ಚಿಟ್ಟುಕೊಂಡಿದ್ದಾರೆ ಎನ್ನುತ್ತಿದ್ದರು. ಶಿಷ್ಯರು ತಪ್ಪಿದರೆ ಮಾಸ್ತರರು ಬಯ್ಯುತ್ತಿದ್ದರು. ತಪ್ಪದಿದ್ದರೆ, ಯಾಕೆ ತಪ್ಪಲಿಲ್ಲ, ಹೆದರಿ ನುಡಿಸಿದೆಯಾ ಎಂದು ಬಯ್ಯುತ್ತಿದ್ದರು.

ಇಂಥ ಸಿಟ್ಟಿನ ಮನುಷ್ಯ ಒಂದೇ ಒಂದು ವಿಷಯದಲ್ಲಿ ಬೆಣ್ಣೆಯಂತೆ ಮೃದುವಾಗುತ್ತಿದ್ದರು, ಮತ್ತು ಎಲ್ಲ ಅನಾಹುತವೂ ಆ ಬೆಣ್ಣೆಯಿಂದಲೇ ಆಯಿತು. ಬಸಯ್ಯನವರು ಶಿಷ್ಯನಿಗೆ ರಾಗ ಕಲಿಸಿದ್ದರು, ತಾಳ ಕಲಿಸಿದ್ದರು, ಅದಕ್ಕಿಂತ ಹೆಚ್ಚು ಒತ್ತಿ ಒಂದು ಮರ್ಯಾದೆ ಕಲಿಸಿದ್ದರು. "ನುಡಸ್ರಿ ಅಂತ ಒಮ್ಮಿ ಅಂದಕೂಡ್ಲೆ ಎದ್ದಾಂವ ಬ್ಯಾಂಡಿನಾಂವ. ಎರಡ ಸಲ ಬ್ಯಾಡ ಅನಬೇಕು. ಮೂರನೇ ಸಲಕ್ಕ ಏಳಬೇಕು. ಮೂರನೇದಕ್ಕೂ ಏಳಲಿಲ್ಲಂದ್ರ ಅಂವಗ ಸೊಕ್ಕು."

ಆದ್ದರಿಂದ ಮೊದಲ ಸಲ ಕರೆದಾಗ ಮಾಸ್ತರರು ತಲೆ ಬಗ್ಗಿಸಿ, ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿ, "ಬ್ಯಾಡ್ರಿ, ವಯಸ್ಸಾತು, ಬಟ್ಟ ಮಾತ ಕೇಳೂದಿಲ್ಲ" ಎನ್ನುತ್ತಿದ್ದರು. ಎರಡನೆಯ ಸಲ, "ಹೊಸಬರಿಗೆ ಅವಕಾಶ ಕೊಡ್ರಿ, ನಮ್ಮದೇನೈತಿ ಇನ್ನ." ಈ ಎರಡನೆಯ ಮಾತು ಮುಗಿಯುವಷ್ಟರಲ್ಲಿ ಅವರ ಎಡಗೈ ಅಕಾರ್ಡಿಯನ್ನಿನ ಹೆಗಲಪಟ್ಟಿಯೊಳಗೆ ಮೊಣಕೈತನಕ ಇಳಿದಿರುತ್ತಿತ್ತು. ನಲವತ್ತು ವರ್ಷಗಳಿಂದ ನಾಲ್ಕೂ ತಾಲೂಕಿನ ಸಂಘಟಕರಿಗೆ ಇದು ತೆಂಗಿನಕಾಯಿ ಒಡೆಯುವಷ್ಟೇ ಗೊತ್ತಿದ್ದ ಕ್ರಮ. ಕಟಕೋಳದಲ್ಲೊಮ್ಮೆ ಮೂರನೆಯ ಕರೆ ಕೊಡಬೇಕಾದವನು ಎಲೆಯಡಿಕೆ ಉಗುಳಲು ಹೊರಗೆ ಹೋದಾಗ ಸಭೆಯೇ ಒಟ್ಟಾಗಿ, "ಮೂರನೇದು ನಮ್ಮದ್ರೀ ಮಾಸ್ತರ!" ಎಂದು ಕೂಗಿತ್ತು.

ಆಮೇಲೆ ಶ್ರೀಶೈಲಪ್ಪನವರು ಊರಿಗೆ ಬಂದರು.

ಶ್ರೀಶೈಲಪ್ಪ ಬೈಲಹೊಂಗಲದವರೇ. ಆದರೆ ಮೂವತ್ನಾಲ್ಕು ವರ್ಷ ಸೊಲ್ಲಾಪುರದ ಆಚೆ ರೈಲ್ವೆಯಲ್ಲಿ ಸ್ಟೇಶನ್ ಮಾಸ್ತರರಾಗಿದ್ದು ನಿವೃತ್ತರಾಗಿ ಮರಳಿದವರು. ಒಳ್ಳೆಯ ಮನುಷ್ಯ. ಬೀದಿಯಲ್ಲಿ ಬಿದ್ದ ಮೊಳೆ ಎತ್ತಿ ಜೇಬಿಗೆ ಹಾಕಿಕೊಳ್ಳುವಷ್ಟು ಒಳ್ಳೆಯವರು. ಅವರ ಒಂದೇ ದೋಷವೆಂದರೆ ಗಡಿಯಾರ. ರೈಲು ಯಾರನ್ನೂ ಎರಡನೆಯ ಸಲ ಕರೆಯುವುದಿಲ್ಲ, ಶ್ರೀಶೈಲಪ್ಪನವರೂ ಕರೆಯುತ್ತಿರಲಿಲ್ಲ. ಬಂದ ಆರು ತಿಂಗಳಲ್ಲಿ ಅವರು 'ಕಲಾಭಿಮಾನಿ ಬಳಗ'ದ ಕಾರ್ಯದರ್ಶಿಯಾದರು.

ಬಳಗದ ಮೊದಲ ಸಂಗೀತ ಸಮಾರಂಭದಲ್ಲಿ 'ಬದುಕಿನಲ್ಲಿ ಸಂಗೀತದ ಮಹತ್ವ' ಎಂಬುದರ ಬಗ್ಗೆ ಮೂವರು ಎರಡು ಗಂಟೆ ಹತ್ತು ನಿಮಿಷ ಮಾತಾಡಿದರು. ಸಂಗೀತಕ್ಕೆಂದು ಉಳಿದದ್ದು ಹನ್ನೊಂದು ನಿಮಿಷ. ಶ್ರೀಶೈಲಪ್ಪ ಗಡಿಯಾರ ನೋಡಿ ಮೈಕಿಗೆ ಬಾಯಿಟ್ಟರು.

"ಈಗ ಹನುಮಪ್ಪ ಮಾಸ್ತರು ನುಡಸಬೇಕಂತ ವಿನಂತಿ."

ಮಾಸ್ತರರು ತಲೆ ಬಗ್ಗಿಸಿದರು. "ಬ್ಯಾಡ್ರಿ, ವಯಸ್ಸಾತು, ಬಟ್ಟ ಮಾತ ಕೇಳೂದಿಲ್ಲ."

"ಹೌದಾ?" ಎಂದರು ಶ್ರೀಶೈಲಪ್ಪ, ನಿಜವಾಗಿಯೂ ಮರುಗಿ. ಆಮೇಲೆ ಸಭೆಯ ಕಡೆ ತಿರುಗಿ, "ವಯೋಮಾನದ ಕಾರಣದಿಂದ ಮಾಸ್ತರು ಇವತ್ತು ಈ ವೇದಿಕೆ ಮ್ಯಾಲೆ ಕಲಾಜೀವನಕ್ಕ ವಿದಾಯ ಹೇಳ್ಯಾರ. ಎಲ್ಲಾರೂ ಎದ್ದು ನಿಂತು ಚಪ್ಪಾಳಿ ತಟ್ರಿ" ಎಂದು ಘೋಷಿಸಿದರು.

ಎಲ್ಲರೂ ಎದ್ದರು. ಎರಡನೆಯ ಕರೆಗಾಗಿ ಮಾಸ್ತರರು ಅಷ್ಟರಲ್ಲೇ ಕೈ ಚಾಚಿದ್ದರು. ಆ ಚಾಚಿದ ಕೈಯ ಮೇಲೆ ಒಂದು ಶಾಲು ಬಂದು ಕುಳಿತಿತು.

ಮನೆಗೆ ಬಂದವರು ಚಪ್ಪಲಿ ಬಿಡಲಿಲ್ಲ. ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದರು. ಹೆಂಡತಿ ಕಾಡವ್ವ ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಕುಳಿತಿದ್ದಳು.

"ನೀವ ಬ್ಯಾಡ ಅಂದ್ರಿ, ಅವರು ಬಿಟ್ರು. ಇದರಾಗ ಅವರದೇನ ತಪ್ಪೈತಿ?"

"ಎರಡನೇದು ಬರಲೇ ಇಲ್ಲಲೇ! ಮನಶ್ಯಾ ಅಂದಮ್ಯಾಲ ಇನ್ನೊಮ್ಮಿ ಕೇಳಬೇಕೋ ಬ್ಯಾಡೋ?"

"ನಾಳಿ ಹೋಗಿ, ನಾ ನುಡಸ್ತೇನಿ ಅಂತ ನೀವ ಹೇಳ್ರಿ."

ಮಾಸ್ತರರು ಅವಳನ್ನು ನೋಡಿದ ರೀತಿಗೆ ಶೇಂಗಾ ಇನ್ನೊಮ್ಮೆ ಹುರಿಯಬಹುದಿತ್ತು. ತಾವಾಗಿ ಹೋಗಿ ನುಡಿಸುತ್ತೇನೆ ಎನ್ನುವುದೇ? ಬಸಯ್ಯನವರ ಶಿಷ್ಯನೇ?

ಮರುದಿನ ಏಳು ಗಂಟೆಗೆ ಬಾಜೂದ ಬೀಜ-ಗೊಬ್ಬರದ ಅಂಗಡಿಯ ಅಂದಾನೆಪ್ಪ ಪೇಪರು ಹಿಡಿದು ಬಂದರು. ಮೂರನೆಯ ಪುಟದಲ್ಲಿ ಮಾಸ್ತರರ ಫೋಟೋ, ಕೆಳಗೆ 'ಮೌನವಾದ ಅಕಾರ್ಡಿಯನ್.'

"ಚಲೋ ನಿರ್ಣಯ ತಗೊಂಡ್ರಿ ಮಾಸ್ತರ. ಮಂದಿ ಸಾಕು ಅನ್ನೂದರಾಗ ನಾವ ಸಾಕು ಅನಬೇಕು."

"ನಾ ಏನೂ ಬಿಟ್ಟಿಲ್ಲ!"

"ಗೊತ್ತೈತ್ರಿ, ಗೊತ್ತೈತಿ." ಅಂದಾನೆಪ್ಪನವರ ಕಣ್ಣು ತೇವವಾಯಿತು. "ಬಾಯಲೆ ಬಿಟ್ರೂ ಮನಸಲೆ ಬಿಡಾಕ ಆಗೂದಿಲ್ಲ. ನಮ್ಮಪ್ಪ ಅಂಗಡಿ ನನ್ನ ಕೈಯಾಗ ಕೊಟ್ಟಮ್ಯಾಲೂ ದಿನಾ ಬಂದ ಗಲ್ಲೇದ ಮುಂದ ಕುಂಡರ್ತಿದ್ರು."

"ನಿಮ್ಮಪ್ಪನ ಗಲ್ಲೇಕ್ಕೂ ನನ್ನ ಅಕಾರ್ಡಿಯನ್ನಿಗೂ ಏನ ಸಂಬಂಧರಿ? ತಡೀರಿ, ಈಗ ತೋರಸ್ತೇನಿ!" ಮಾಸ್ತರರು ಒಳಗೆ ನುಗ್ಗಿ ಅಕಾರ್ಡಿಯನ್ ಎತ್ತಿಕೊಂಡರು.

ಆದರೆ ಹೊಸ್ತಿಲಲ್ಲಿ ಎದುರುಮನೆಯ ಸೋಮವ್ವ ನಿಂತಿದ್ದಳು, ಕೈಯಲ್ಲಿ ಬಿಸಿ ಬಟ್ಟಲು. ಹನ್ನೊಂದು ಕಿಲೋ ಭಾರ ಹೊತ್ತ ಮನುಷ್ಯನನ್ನು ಕಂಡು ಅವಳು ಚೀರಿದ ಚೀರಿಗೆ ಬೀದಿಯ ನಾಯಿಗಳು ಎದ್ದವು. "ಯವ್ವಾ! ಕಾಡವ್ವಾ! ಇಳಸ್ಲೇ ಅದನ್ನ! ಪೇಪರಿನ್ಯಾಗ ಬಟ್ಟ ಹೋಗ್ಯಾವಂತ ಬರದಾರ, ಇಂವ ಗುಂಡ ಎತ್ತಿಧಾಂಗ ಎತ್ಯಾನ!" ಬಟ್ಟಲಲ್ಲಿದ್ದದ್ದು ಬಳ್ಳೊಳ್ಳಿ ಹಾಕಿ ಕಾಸಿದ ಎಳ್ಳೆಣ್ಣೆ. ಅವಳು ಮಾಸ್ತರರನ್ನು ಕಟ್ಟೆಗೆ ಕೆಡವಿ, ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದಳು. ಎಂಬತ್ತು ದಾಟಿದವಳು, ಕೈ ಕಿತ್ತುಕೊಳ್ಳುವಂತಿರಲಿಲ್ಲ. ಎಣ್ಣೆಗೈಯಲ್ಲಿ ಸ್ವರಪಟ್ಟಿ ಮುಟ್ಟುವಂತೆಯೂ ಇರಲಿಲ್ಲ. ಅಂದಾನೆಪ್ಪ ಕೈಯೊರಸಿಕೊಳ್ಳಲಿ ಎಂದು ತಮ್ಮ ಕರ್ಚೀಫನ್ನೇ ಮಾಸ್ತರರ ತೊಡೆಯ ಮೇಲಿಟ್ಟು ಹೋದರು.

ಹತ್ತು ಗಂಟೆಗೆ ರಾಮದುರ್ಗದ ಬಸ್ಸಿನಿಂದ ಪರಶು ಇಳಿದ. ಕಾಡವ್ವನ ತಮ್ಮ. ಸುದ್ದಿಯನ್ನು ವಾಟ್ಸಪ್ಪಿನಲ್ಲಿ ನೋಡಿದ್ದ. ಅಲ್ಲಿ ಅದು ಬೈಲಹೊಂಗಲದಿಂದ ರಾಮದುರ್ಗ ಮುಟ್ಟುವಷ್ಟರಲ್ಲಿ ಲಕ್ವ ಆಗಿ ಬೆಳೆದಿತ್ತು.

"ಮಾಮಾ, ಇವು ಎಷ್ಟ ಬಟ್ಟ ಹೇಳ್ರಿ?" ಎಂದು ಮೂರು ಬೆರಳು ಎತ್ತಿ ಹಿಡಿದ.

"ನಿನ್ನ ಹೆಣಾ ಎತ್ತಲಿ!"

"ಮಾತ ಸ್ವಚ್ಛ ಅದಾವು" ಎಂದು ಪರಶು ಅಕ್ಕನಿಗೆ ವರದಿ ಮಾಡಿದ. "ಈಗ ಸ್ವಲ್ಪ ನಗ್ರಿ ಮಾಮಾ. ಬಾಯಿ ಸೊಟ್ಟ ಆಗೇತೇನ ನೋಡ್ತೇನಿ."

ಎಣ್ಣೆ ಹಚ್ಚಿದ ಕೈ, ಬೆವರಿದ ಹಣೆ, ಹೊಟ್ಟೆಯಲ್ಲಿ ಒಂದು ಗುಟುಕು ಚಹಾ ಸಹ ಇಲ್ಲ. ಈ ಸ್ಥಿತಿಯಲ್ಲಿ ನಗಲು ಹೇಳಿದರೆ ಮನುಷ್ಯನ ಮುಖದ ಮೇಲೆ ಏನು ಬರುತ್ತದೋ ಅದು ಬಂತು.

"ಯಕ್ಕಾ! ಸೊಟ್ಟ ಆಗೇತಿ!" ಪರಶು ಗೋಡೆಗೆ ಹಣೆ ಹಚ್ಚಿ ಅಳತೊಡಗಿದ.

ಅದರ ಮರುವಾರ ಪಾಠಕ್ಕೆ ಬರುತ್ತಿದ್ದ ಎಂಟು ಮಂದಿಯಲ್ಲಿ ಏಳು ಮಂದಿ ಬರಲಿಲ್ಲ. ಪಾಲಕರು ಒಬ್ಬೊಬ್ಬರಾಗಿ ಬಾಳೆಹಣ್ಣು ಹಿಡಿದು ಬಂದು, "ಆರಾಮ ತಗೋರಿ, ಹುಡುಗರನ್ನ ಕೀಬೋರ್ಡ್ ಕ್ಲಾಸಿಗೆ ಹಚ್ಚೇವಿ" ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದರು. ಕೀಬೋರ್ಡ್! ಕರೆಂಟು ಹೋದರೆ ಸಾಯುವ ವಾದ್ಯ! ಮಾಸ್ತರರು ಆ ದಿನ ಒಂದು ಡಜನ್ ಬಾಳೆಹಣ್ಣನ್ನು ಸಿಟ್ಟಿನಿಂದ ತಿಂದರು.

ಉಳಿದವನೊಬ್ಬ ಗೌತಮ. ಕರೆಂಟಿನ ಕಂಬ ಹತ್ತುವ ಲೈನ್‌ಮನ್, ಎರಡು ಮಕ್ಕಳ ತಂದೆ, ಹನ್ನೆರಡು ವರ್ಷದ ಶಿಷ್ಯ. ಅವನು ಬಂದ, ಕಾಲು ಮುಟ್ಟಿದ, ಗೋಡೆಗೊರಗಿ ಕುಳಿತ.

"ತಗೀ ತಿದಿ" ಎಂದರು ಮಾಸ್ತರರು.

"ಬ್ಯಾಡ್ರಿ ಸರ್. ನಿಮಗ ತ್ರಾಸ. ನಾ ಸುಮ್ಮ ನಿಮ್ಮ ಮುಂದ ಕುಂತ ಹೋಗಾಕ ಬಂದೇನಿ."

"ಕುಂಡ್ರಾಕ ಇದೇನ ಬಸ್‌ಸ್ಟ್ಯಾಂಡೇನಲೇ? ಪೀಲೂ ರಾಗ ತಗೀ!"

ಗೌತಮ ಎದ್ದ. "ಇಂಥಾ ವ್ಯಾಳ್ಯಾದಾಗೂ ಕಲಸಾಕ ನೋಡ್ತೀರಲ್ರಿ ಸರ್" ಎಂದು ಮತ್ತೊಮ್ಮೆ ಕಾಲು ಮುಟ್ಟಿ, ಅಕಾರ್ಡಿಯನ್ನಿನ ಮೇಲಿನ ಧೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸಿಟ್ಟು ಹೊರಟೇಹೋದ.

ಇಷ್ಟಾದರೂ ಮಾಸ್ತರರಿಗೆ ನಂಬಿಕೆಯಿತ್ತು: ಒಂದು ವೇದಿಕೆ ಸಿಕ್ಕರೆ ಸಾಕು. ವೇದಿಕೆಗಳೇನೋ ಸಿಕ್ಕವು. ಯಾವಾಗಲೂ ಸಿಗದಷ್ಟು ಸಿಕ್ಕವು. ನುಡಿಸುವ ಕಲಾವಿದನನ್ನು ಕರೆಯಲು ಊರಿಗೆ ಮೈಕು ಬೇಕು, ತಬಲಾದವನು ಬೇಕು, ಕೇಳುವ ಪುರುಸೊತ್ತು ಬೇಕು. ನುಡಿಸುವುದನ್ನು ಬಿಟ್ಟ ಕಲಾವಿದನಿಗೆ ಒಂದು ಕುರ್ಚಿ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಸಾಕು. ನಾಲ್ಕೂ ತಾಲೂಕಿನ ಸಂಘಗಳು ಸಾಲುಹಚ್ಚಿದವು.

ಕಿತ್ತೂರಿನಲ್ಲಿ ಮಾಸ್ತರರು, ಬಸಯ್ಯನವರ ಆತ್ಮದ ಕ್ಷಮೆ ಕೇಳಿ, ಯಾರೂ ಕರೆಯುವ ಮೊದಲೇ ಕುರ್ಚಿಯಿಂದೆದ್ದರು. ಎದ್ದು ಅಕಾರ್ಡಿಯನ್ನಿನ ಕಡೆ ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಇಬ್ಬರು ಸ್ವಯಂಸೇವಕರು ಎಡಬಲಕ್ಕೆ ಬಂದು ರಟ್ಟೆ ಹಿಡಿದರು. "ಸಾವಕಾಶ ಅಜ್ಜಾರ. ಹೀಂಗ ಬರ್ರಿ, ಹಿಂದ ಐತಿ" ಎಂದು ಅತ್ಯಂತ ಗೌರವದಿಂದ ಅವರನ್ನು ಮೂತ್ರಖಾನೆಗೆ ಒಯ್ದು, ಬಾಗಿಲ ಹೊರಗೆ ಕಾದು ನಿಂತು, ಮತ್ತೆ ತಂದು ಕುರ್ಚಿಯಲ್ಲಿ ಕೂರಿಸಿದರು. ಅಷ್ಟರಲ್ಲಿ ವಂದನಾರ್ಪಣೆ ನಡೆದಿತ್ತು.

ಸವದತ್ತಿಯಲ್ಲಿ ಅವರು ಇನ್ನೂ ಮುಂದಾಲೋಚನೆ ಮಾಡಿ ಅಕಾರ್ಡಿಯನ್ನನ್ನು ಎದೆಗೆ ಕಟ್ಟಿಕೊಂಡೇ ವೇದಿಕೆ ಹತ್ತಿದರು. "ಫೋಟೋಕ್ಕ ಭಾಳ ಚಂದ ಬರತೈತಿ!" ಎಂದು ಎಲ್ಲರೂ ಹಿಗ್ಗಿದರು. ಅಕಾರ್ಡಿಯನ್ ಸಮೇತ ಅವರಿಗೆ ಶಾಲು ಸುತ್ತಿದರು, ಶಾಲಿನ ಮೇಲೆ ಸೇವಂತಿಗೆಯ ದಪ್ಪ ಹಾರ ಹಾಕಿದರು, ಎರಡೂ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ತಿದಿ ಒಂದು ಬೆರಳಗಲವೂ ತೆರೆಯಲಿಲ್ಲ. ಫೋಟೋ ನಿಜವಾಗಿಯೂ ಚಂದ ಬಂತು.

ದೀಪಾವಳಿಯ ಹೊತ್ತಿಗೆ ಹದಿನಾಲ್ಕು ಶಾಲು ಬಂದಿದ್ದವು. ಕಾಡವ್ವ ಆರನ್ನು ಕೂಡಿಸಿ ಕೌದಿ ಹೊಲಿದಳು. ಮಾಸ್ತರರು ಅದನ್ನು ಹೊದೆಯಲಿಲ್ಲ. ಬಾಗಿಲು ಹಾಕಿಕೊಂಡು ಒಳಕೋಣೆಯಲ್ಲಿ ನುಡಿಸಿಕೊಳ್ಳುತ್ತಿದ್ದರು, ಅಷ್ಟೇ. ಹೊರಗೆ ಅದು ಕೇಳಿಸಿದಾಗ ಬೀದಿಯವರು, "ಪಾಪ, ಹಳೇ ಕ್ಯಾಸೆಟ್ ಹಚ್ಚಿಕೊಂಡ ಕುಂತಾರ" ಎಂದು ತಮ್ಮ ಟೀವಿಯ ದನಿ ತಗ್ಗಿಸುತ್ತಿದ್ದರು.

ಹೀಗಿರುವಾಗ ಶ್ರೀಶೈಲಪ್ಪ ಒಂದು ನಕಾಶೆ ಹಿಡಿದು ಮನೆಗೆ ಬಂದರು. ಬಳಗದವರು ಊರ ವಾಚನಾಲಯದ ಮೇಲಂತಸ್ತಿನಲ್ಲಿ 'ಕಲಾ ಸ್ಮೃತಿ ಮಂದಿರ' ಮಾಡುತ್ತಿದ್ದಾರೆ. ನಟ್ಟನಡುವೆ ಸಾಗವಾನಿಯ ಚೌಕಟ್ಟಿನ ಗಾಜಿನ ಪೆಟ್ಟಿಗೆ. ಒಳಗೆ ದೀಪ. ದೀಪದ ಕೆಳಗೆ ಮಾಸ್ತರರ ಅಕಾರ್ಡಿಯನ್. ಶಾಶ್ವತವಾಗಿ.

"ಕೊಡೂದಿಲ್ಲ" ಎಂದರು ಮಾಸ್ತರರು.

ಶ್ರೀಶೈಲಪ್ಪ ತಲೆದೂಗಿ ಹೋದರು. ಒಂದು ವಾರಕ್ಕೆ ಮತ್ತೆ ಬಂದರು.

"ಕೊಡೂದಿಲ್ಲಂತ ಹೇಳಿಲ್ಲೇನ್ರಿ? ನಾ ಸತ್ತಮ್ಯಾಲೂ ಕೊಡೂದಿಲ್ಲ! ನಡೀರಿ!"

ಈ ಸಲ ಶ್ರೀಶೈಲಪ್ಪನವರ ಮುಖದಲ್ಲಿ ಒಂದು ನಗೆ ಮೂಡಿತು. ಮೂರನೆಯ ಸಲ ಬಂದಾಗ ಮಾಸ್ತರರು ಏನೂ ಹೇಳದೆ ಬಾಗಿಲನ್ನು ಅವರ ಮೂಗಿನ ಮೇಲೆ ಹಾಕಿಬಿಟ್ಟರು. ಆ ಸಂಜೆಯೇ ಶ್ರೀಶೈಲಪ್ಪ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಟ್ಟರು.

ಆದದ್ದು ಇಷ್ಟು. ಮೊದಲ ಸಲ ಬರಿಗೈಲಿ ಮರಳಿದ ಶ್ರೀಶೈಲಪ್ಪ ತಮ್ಮ ಕಷ್ಟವನ್ನು ಅಂದಾನೆಪ್ಪನವರ ಅಂಗಡಿಯಲ್ಲಿ ಕುಳಿತು ತೋಡಿಕೊಂಡಿದ್ದರು. ಅಂದಾನೆಪ್ಪ ನಕ್ಕು, "ನೀವು ಬ್ಯಾರೆ ಕಡೆ ಇದ್ದವರು, ನಿಮಗ ಗೊತ್ತಿಲ್ರಿ. ನಮ್ಮ ಮಾಸ್ತರದು ಒಂದ ಪದ್ಧತಿ ಐತಿ. ಎರಡ ಸಲ ಬ್ಯಾಡ ಅಂತಾರ. ಮೂರನೇದಕ್ಕ ಒಪ್ಪತಾರ. ಮೂರನೇ ಸಲ ಬಾಯಿಬಿಟ್ಟ ಬ್ಯಾಡ ಅನ್ನಲಿಲ್ಲಂದ್ರ ಮುಗೀತು, ಹೂಂ ಅಂದಂಗ" ಎಂದು ಊರಿನ ಗುಟ್ಟನ್ನು ಬಿಟ್ಟುಕೊಟ್ಟಿದ್ದರು. ಮರ್ಯಾದೆಗೆಂದು ಹೇಳಿದ ಬ್ಯಾಡವನ್ನು ಖರೇ ಎಂದು ನಂಬಿದ್ದ ಶ್ರೀಶೈಲಪ್ಪ, ಈಗ ಎದೆಯೊಳಗಿಂದ ಬಂದ ಬ್ಯಾಡವನ್ನು ಮರ್ಯಾದೆ ಎಂದು ತಿಳಿದರು. ಊರ ರೀತಿಯನ್ನು ಕಡೆಗೂ ಕಲಿತೆನಲ್ಲ ಎಂದು ಆ ರಾತ್ರಿ ಅವರು ನೆಮ್ಮದಿಯಿಂದ ಮಲಗಿದರಂತೆ.

ಪತ್ರಿಕೆ ಮಾಸ್ತರರ ಕೈಗೆ ಬಂದದ್ದು ಸಮಾರಂಭದ ಹಿಂದಿನ ದಿನ. 'ಅಕಾರ್ಡಿಯನ್ ಸಮರ್ಪಣೆ, ಮುಂಜಾನೆ 10.30ಕ್ಕೆ. ಭೋಜನ, 12.30ಕ್ಕೆ.'

"ನಾ ಹೋಗೂದಿಲ್ಲ" ಎಂದು ಗುಡುಗಿದರು.

"ನೀವು ಹೋಗದಿದ್ರ ಅವರ ಮನೀಗೆ ಬರ್ತಾರ" ಎಂದಳು ಕಾಡವ್ವ. "ಪರಶು ಟೆಂಪೋ ಹೇಳ್ಯಾನಂತ."

ಬೆಳಿಗ್ಗೆ ಹತ್ತು ಗಂಟೆಗೆ ಬೈಲಹೊಂಗಲದ ಬಜಾರ ಒಂದು ವಿಚಿತ್ರ ನೋಟ ಕಂಡಿತು. ಹನುಮಪ್ಪ ಮಾಸ್ತರರು ಅಕಾರ್ಡಿಯನ್ನನ್ನು ಎದೆಗೆ ಕಟ್ಟಿಕೊಂಡು, ಹೆಗಲಪಟ್ಟಿಗಳನ್ನು ಬೆನ್ನಹಿಂದೆ ಹಗ್ಗದಿಂದ ಬಿಗಿದು ಗಂಟು ಹಾಕಿಸಿಕೊಂಡು, ಯುದ್ಧಕ್ಕೆ ಹೊರಟವರಂತೆ ನಡೆಯುತ್ತಿದ್ದರು. ಮನೆಯಲ್ಲಿ ಬಿಟ್ಟರೆ ಟೆಂಪೋ ಒಯ್ಯುತ್ತದೆ, ಬೇರೆಯವರ ಕೈಗೆ ಕೊಟ್ಟರೆ ಪೆಟ್ಟಿಗೆಗೆ ಹೋಗುತ್ತದೆ. ಮೈಮೇಲಿದ್ದರೆ ತಮ್ಮನ್ನೂ ಸೇರಿಸಿ ಗಾಜಿನಲ್ಲಿಡಬೇಕಾಗುತ್ತದೆ, ಇಡಲಿ ನೋಡೋಣ. ಎಲ್ಲರೆದುರು ಮೈಕಿನಲ್ಲಿ ಒಮ್ಮೆ ಒದರಿ ಬರುವುದೆಂದು ಅವರ ನಿಶ್ಚಯ. ದಾರಿಯಲ್ಲಿ ಸಿಕ್ಕವರು ಕೈ ಮುಗಿದರು. "ಕಡೇ ಸಲ ತಾವ ಹೊತ್ಕೊಂಡ ಹೊಂಟಾರ" ಎಂದು ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು.

ವಾಚನಾಲಯದ ಮೇಲಂತಸ್ತಿನಲ್ಲಿ ಜನ ತುಂಬಿದ್ದರು. ಗಾಜಿನ ಪೆಟ್ಟಿಗೆ ಮಿಂಚುತ್ತಿತ್ತು. ಅದಕ್ಕೆ ಹಿತ್ತಾಳೆಯ ಬೀಗ, ಬೀಗಕ್ಕೆ ಕೆಂಪು ರಿಬ್ಬನ್. ಸವದತ್ತಿಯಲ್ಲಿ ಇನ್ನೊಂದು ಕಾರ್ಯಕ್ರಮವಿದ್ದ ಮುಖ್ಯ ಅತಿಥಿಗಳು ಕತ್ತರಿಯನ್ನು ಆಗಲೇ ಕೈಯಲ್ಲಿ ಹಿಡಿದು ಕುಳಿತಿದ್ದರು. ಶ್ರೀಶೈಲಪ್ಪ ಮಾಸ್ತರರ ಬಾಯಿಗೆ ಮೈಕು ಹಿಡಿದರು.

"ನಾ ಬಿಟ್ಟಿಲ್ಲ!" ಎಂದು ಮಾಸ್ತರರು ಒದರಿದರು.

ಚಪ್ಪಾಳೆ.

"ನನಗೇನೂ ಆಗಿಲ್ಲ! ಬಟ್ಟ ನೆಟ್ಟಗದಾವು!"

"ಎಂಥಾ ಧೈರ್ಯರಿ!" ಎಂದರು ಅಂದಾನೆಪ್ಪ ಮುಂದಿನ ಸಾಲಿನಿಂದ.

"ಹನ್ನೊಂದ ತಿಂಗಳಾತು! ಒಬ್ಬರಾದ್ರೂ, ಒಬ್ಬರಾದ್ರೂ ನುಡಸ್ರಿ ಅಂದೀರೇನು? ನಿಮ್ಮ ಮದವಿಯೊಳಗ ನಿಮ್ಮ ಹಂದರದ ಹೊರಗ ಬಿಸಲಾಗ ನಿಂತ ನುಡಿಸೇನಿ, ಆವಾಗ ಕೇಳಿದ್ರಿ! ಈಗ ಮ್ಯಾಲ ಕುರ್ಚೆದಾಗ ಕುಂಡರ್ಸಿ ಶಾಲ ಹೊಚ್ಚಿ ಬಾಯಿ ಮುಚ್ಚಾಕತ್ತೀರಿ! ನಿಮ್ಮ ಶಾಲಿಗೆ ಬೆಂಕಿ ಹಚ್ಚಲಿ!"

ಚಪ್ಪಾಳೆ ಇನ್ನೂ ಜೋರಾಯಿತು. ವೇದಿಕೆಯ ಮೇಲಿದ್ದವರೊಬ್ಬರು, "ಕಲಾವಿದರ ನೋವು ಹಿಂಗ ಇರತೈತಿ" ಎಂದು ಪಕ್ಕದವರಿಗೆ ವಿವರಿಸಿದರು. ಶ್ರೀಶೈಲಪ್ಪ ಸನ್ನೆ ಮಾಡಿದರು. ಪರಶು ಮತ್ತು ಗೌತಮ ಬಂದು, ಕಾಯಿಲೆಯವರ ಅಂಗಿ ಬಿಚ್ಚುವಷ್ಟು ಮೆತ್ತಗೆ ಬೆನ್ನ ಹಗ್ಗ ಕಳಚತೊಡಗಿದರು. "ಬಿಡ್ರಲೇ!" ಎಂದು ಮಾಸ್ತರರು ಕೊಸರಿದರು. ಒಂದು ಹೆಗಲಿನ ಪಟ್ಟಿ ಜಾರಿತು. ಅಕಾರ್ಡಿಯನ್ ಒಂದು ಬದಿಗೆ ವಾಲಿ, ತನ್ನದೇ ಭಾರಕ್ಕೆ ತಿದಿ ಬಿಚ್ಚಿಕೊಂಡು, ಮಾಸ್ತರರ ಅಂಗೈ ಒತ್ತಿದ್ದ ಮೂರು ಸ್ವರಪಟ್ಟಿಗಳಿಂದ ಒಂದು ದೊಡ್ಡ ನರಳಿಕೆ ಹೊರಟಿತು.

ಚಪ್ಪಾಳೆ ನಿಂತಿತು. ಹನ್ನೊಂದು ತಿಂಗಳಲ್ಲಿ ಸಂಗೀತದ ಸಮಾರಂಭವೊಂದರಲ್ಲಿ ಕೇಳಿಬಂದ ಮೊದಲ ಸ್ವರ ಅದು.

ಮಾಸ್ತರರು ಬೀಳುತ್ತಿದ್ದ ತಿದಿಯನ್ನು ಮೊಣಕಾಲಿನಿಂದ ತಡೆದರು. ತಡೆದವರು ಬಿಡಲಿಲ್ಲ. ಒಂದೇ ಹೆಗಲಪಟ್ಟಿಯ ಮೇಲೆ, ಓರೆಯಾಗಿ ನಿಂತು, ಹಲ್ಲು ಕಚ್ಚಿ ನುಡಿಸತೊಡಗಿದರು. ಯಾರೂ ಕರೆದಿರಲಿಲ್ಲ. ಒಮ್ಮೆಯೂ ಕರೆದಿರಲಿಲ್ಲ. ಬಸಯ್ಯನವರ ಪ್ರಕಾರ ಅವರು ಆ ಕ್ಷಣ ಬರೀ ಬ್ಯಾಂಡಿನವರಾದರು. ಆಗಲಿ ಎಂದು ಅವರು ಶುರು ಮಾಡಿದ್ದು ರಾಗವನ್ನಲ್ಲ, ವರನ ಕುದುರೆಯ ಮುಂದೆ ನುಡಿಸುವ ಮೆರವಣಿಗೆಯ ಗತ್ತನ್ನೇ. ಡೋಲು ಇರಲಿಲ್ಲ, ಬಲಗಾಲಿನಿಂದ ಹಲಗೆಯ ನೆಲವನ್ನು ಒದ್ದರು. ಅಪ್ಪನ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಬೆರಳುಗಳು ಕಂಡಕಂಡಲ್ಲಿ ಓಡಿದವು, ಎಡಗೈ ಬೈದಂತೆ ಉತ್ತರ ಕೊಟ್ಟಿತು. ಗಾಜಿನ ಪೆಟ್ಟಿಗೆ ಗಡಗಡ ನಡುಗಿತು.

"ಎಣ್ಣಿ ಹತ್ತಿತು ನೋಡ್ರಿ!" ಎಂದು ಸೋಮವ್ವ ಹಿಂದಿನ ಸಾಲಿನಿಂದ ಎದ್ದು ಕೂಗಿದಳು. "ನಾ ಹೇಳಿದ್ನಿಲ್ಲೋ? ಬಳ್ಳೊಳ್ಳಿ ಎಣ್ಣಿ!"

"ಎಣ್ಣಿ ಅಲ್ಲ ಯವ್ವಾ, ನಾ ಎಲ್ಲಮ್ಮಗ ಬೇಡ್ಕೊಂಡಿದ್ದೆ" ಎಂದ ಪರಶು, ಕೈಯಲ್ಲಿ ಹಗ್ಗ ಹಿಡಿದುಕೊಂಡೇ.

"ವಿಶ್ರಾಂತಿ ಸಿಕ್ಕಿದ್ದರ ಗುಣ" ಎಂದರು ಅಂದಾನೆಪ್ಪ. "ಹನ್ನೊಂದ ತಿಂಗಳ ಕೈಗೆ ಆರಾಮ ಕೊಟ್ಟಾರ, ಹಂಗಾಗಿ ಆರಾಮ ಆತು."

ಇದನ್ನು ಕೇಳಿ ಮಾಸ್ತರರ ಸಿಟ್ಟು ಇಮ್ಮಡಿಯಾಯಿತು, ಸಿಟ್ಟಿನ ಜೊತೆಗೆ ಲಯವೂ ಇಮ್ಮಡಿಯಾಯಿತು. ಮುಖ್ಯ ಅತಿಥಿಗಳು ಕೈಗಡಿಯಾರ ನೋಡಿಕೊಂಡರು. ಸವದತ್ತಿಯವರು ಕಾಯುತ್ತಿದ್ದರು. ಅವರು ಎದ್ದು, ಖಾಲಿ ಪೆಟ್ಟಿಗೆಯ ರಿಬ್ಬನ್ ಕತ್ತರಿಸಿ, ಖಾಲಿ ಪೆಟ್ಟಿಗೆಯ ಪಕ್ಕ ಫೋಟೋ ತೆಗೆಸಿಕೊಂಡು, ಖಾಲಿ ಪೆಟ್ಟಿಗೆಗೆ ಕೈ ಮುಗಿದು ಹೋದರು.

ಹನ್ನೆರಡೂವರೆ ಆಯಿತು. ಶ್ರೀಶೈಲಪ್ಪನವರ ಕೈ ಅಭ್ಯಾಸಬಲದಿಂದ ಮೈಕಿನತ್ತ ಹೋಯಿತು. ಹೋಗಿ ಅರ್ಧದಲ್ಲಿ ನಿಂತಿತು. ಅವರು ಮಾಸ್ತರರ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮಣಿಕಟ್ಟಿನ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ನೆಲದ ಮೇಲೆ ಕುಳಿತರು.

ಕೆಳಗೆ ಊಟಕ್ಕೆ ಬಡಿಸಿದ್ದರು. ವಾಸನೆ ಮೆಟ್ಟಿಲು ಹತ್ತಿ ಬಂದಾಗ ಜನ ಒಬ್ಬೊಬ್ಬರಾಗಿ ಇಳಿದರು. ಸೋಮವ್ವ ಹೋಗುವಾಗ ಎಲ್ಲರಿಗೂ ಎಣ್ಣೆಯ ಪ್ರಮಾಣ ಹೇಳುತ್ತ ಹೋದಳು. ಮೆರವಣಿಗೆಯ ಗತ್ತು ಮುಗಿದು ಭೂಪ ರಾಗ ಬಂತು, ಭೂಪ ಹೋಗಿ ಪೀಲೂ ಬಂತು. ಒಂದು ಗಂಟೆಯ ಹೊತ್ತಿಗೆ ಮೇಲಂತಸ್ತಿನಲ್ಲಿ ಉಳಿದವರು ಕಾಡವ್ವ, ಗೌತಮ, ಶ್ರೀಶೈಲಪ್ಪ. ಕೆಳಗಿನವರು ಹುಗ್ಗಿ ಉಣ್ಣುತ್ತ, ತಲೆಯ ಮೇಲಿನ ಹಲಗೆ ಕುಣಿದಾಗೊಮ್ಮೆ, "ಭೇಷ್" ಎನ್ನುತ್ತಿದ್ದರು.

ಎರಡು ಗಂಟೆಗೆ ಮಾಸ್ತರರು ನಿಲ್ಲಿಸಿದರು. ಅಂಗಿ ಮೈಗಂಟಿತ್ತು. ಕುರ್ಚಿಗಳಿದ್ದರೂ ಅವರು ಗಾಜಿನ ಪೆಟ್ಟಿಗೆಗೆ ಬೆನ್ನುಕೊಟ್ಟು ನೆಲದ ಮೇಲೆ ಕುಸಿದು ಕುಳಿತರು.

ಗೌತಮ ಹತ್ತಿರ ಬಂದ. "ಸರ್, ನಾಳಿ ಆರಕ್ಕ ಬರ್ಲೇನ್ರಿ ಪಾಠಕ್ಕ?"

"ಐದಕ್ಕ ಬಾ. ಪೀಲೂ ನುಡಸೂವಾಗ ನೀ ತಾಳ ಹಾಕಿದ್ಯಲ್ಲ, ಎರಡ ಕಡೆ ತಪ್ಪೀದಿ. ಆ ಏಳ ಮಂದೀನೂ ಎಳಕೊಂಡ ಬಾ. ಅವರಪ್ಪಗೋಳು ಬಾಳೆಹಣ್ಣ ತಂದ್ರ ಮೆಟ್ಟಲೆ ಹೊಡಿತೇನಿ ಅಂತ ಹೇಳು."

"ಹೂಂ ರಿ ಸರ್." ಗೌತಮ ಹನ್ನೊಂದು ತಿಂಗಳಲ್ಲಿ ಮೊದಲ ಸಲ ನಕ್ಕ.

ಶ್ರೀಶೈಲಪ್ಪ ಕೆಳಗೆ ಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ಅವರು ಮೆಟ್ಟಿಲು ಹತ್ತಿ ಬಂದಾಗ ಕೈಯಲ್ಲಿ ತಟ್ಟೆಯಿತ್ತು: ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ಒಂದು ಸೌಟು ಗೋಧಿ ಹುಗ್ಗಿ. ಪಂಕ್ತಿ ಎತ್ತಿಬಿಟ್ಟಿದ್ದರಿಂದ ಅಡಿಗೆಯವರನ್ನು ಕಾಡಿ ರೊಟ್ಟಿ ಬಿಸಿ ಮಾಡಿಸಿದ್ದರು, ಹೊಗೆಯಾಡುತ್ತಿತ್ತು. ಮಾಸ್ತರರ ಮುಂದೆ ಬಂದು ನಿಂತು ಅವರು ಬಾಯಿ ತೆರೆದರು. ಕೇಳಬೇಕೇ, ಒಮ್ಮೆಯೇ, ಮೂರು ಸಲವೇ, ಕೇಳಿದರೆ ಬರುವ ಉತ್ತರವನ್ನು ಹೇಗೆ ತಿಳಿಯಬೇಕು, ಎಂಬ ದೊಡ್ಡ ಲೆಕ್ಕ ಅವರ ಹುಬ್ಬುಗಳ ನಡುವೆ ಓಡಿತು. ಬಾಯಿ ಮುಚ್ಚಿಕೊಂಡರು. ಬಗ್ಗಿ, ನಡುಗುತ್ತಿದ್ದ ಆ ಎರಡು ಕೈಗಳಲ್ಲಿ ತಟ್ಟೆಯನ್ನಿಟ್ಟು, ಅದು ನಿಲ್ಲುವತನಕ ಕೆಳಗಿನಿಂದ ತಮ್ಮ ಅಂಗೈ ಕೊಟ್ಟು ಹಿಡಿದುಕೊಂಡರು.